ಸ್ಯಾನ್ ಡಿಯಾಗೋಗೆ ಹೊರಟ ದಾವಣಗೆರೆಯವರಿಗೆ: ಮೆಕ್ಸಿಕನ್ ಊಟ ಎಲ್ಲಿ, ಹೇಗೆ?

ಮಗನೋ ಮಗಳೋ ಸ್ಯಾನ್ ಡಿಯಾಗೋದಲ್ಲಿದ್ದಾರೆ. ವೀಸಾ ಆಗಿದೆ, ಟಿಕೆಟ್ ಆಗಿದೆ, ಶೇಂಗಾ ಚಟ್ನಿಪುಡಿ ಪ್ಯಾಕ್ ಆಗಿದೆ. ಆಮೇಲೆ ಬರುವ ಫೋನು ವಿದ್ಯಾನಗರದಿಂದ ಬರಲಿ, ಎಂಸಿಸಿ ಬಿ ಬ್ಲಾಕಿನಿಂದ ಬರಲಿ, ಪ್ರಶ್ನೆ ಮಾತ್ರ ಒಂದೇ: “ಅಲ್ಲಿ ಹೊರಗೆ ಕಾಲಿಟ್ಟರೆ ಬರೀ ಮೆಕ್ಸಿಕನ್ ಹೋಟೆಲ್ಲಂತೆ. ನಾವು ತಿನ್ನೋವಂಥದ್ದು ಏನಾದ್ರೂ ಸಿಗುತ್ತಾ? ಎಲ್ಲಿಗೆ ಹೋಗಬೇಕು?” ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವುದಕ್ಕಿಂತ ಒಂದೇ ಸಲ ಬರೆದಿಡುವುದು ವಾಸಿ ಅನ್ನಿಸಿತು.

ಸಿಗುತ್ತದೆ. ಚೆನ್ನಾಗಿಯೇ ಸಿಗುತ್ತದೆ. ಆದರೆ ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಒಂದು, ಸಮುದ್ರಕ್ಕೆ ಮುಖ ಮಾಡಿ ಕೂತ ಹೋಟೆಲುಗಳಲ್ಲಿ ನೀವು ದುಡ್ಡು ಕೊಡುವುದು ಜಾಸ್ತಿ ಸಮುದ್ರಕ್ಕೆ, ಊಟಕ್ಕಲ್ಲ. ಊಟ ಒಳಗಿನ ಬೀದಿಗಳಲ್ಲಿ ತೆಗೆದುಕೊಳ್ಳಿ, ಕಡಲ ದಂಡೆಗೆ ಪಾರ್ಸೆಲ್ ಒಯ್ಯಿರಿ. ಎರಡು, ಮೆನುವಿನಲ್ಲಿ ‘ವೆಜ್’ ಅಂತ ಬರೆದಿದ್ದನ್ನು ಹಾಗೇ ನಂಬಬೇಡಿ. ಕೇಳಿ ತಿನ್ನಿ.

ಸ್ಯಾನ್ ಡಿಯಾಗೋ ಇರುವುದು ಕ್ಯಾಲಿಫೋರ್ನಿಯಾದ ದಕ್ಷಿಣ ತುದಿಯಲ್ಲಿ, ಪೆಸಿಫಿಕ್ ಸಾಗರದ ದಡದಲ್ಲಿ. ಗಡಿ ದಾಟಿದರೆ ಮೆಕ್ಸಿಕೋದ ತಿಹುವಾನಾ ನಗರ. 1821ರಿಂದ 1848ರವರೆಗೆ ಈ ಊರೇ ಮೆಕ್ಸಿಕೋಗೆ ಸೇರಿತ್ತು. ಹಾಗಾಗಿ ಮೆಕ್ಸಿಕನ್ ಊಟ ಅಲ್ಲಿ ಹೊರಗಿನಿಂದ ಬಂದದ್ದಲ್ಲ, ಊರಿನದೇ ಊಟ. ಬೆಳಿಗ್ಗೆ ಕೆಲಸಕ್ಕೆ ಹೋಗುವವರು ತಿನ್ನುವುದೂ ಅದನ್ನೇ, ರಾತ್ರಿ ಎರಡು ಗಂಟೆಗೆ ಹಸಿದವರು ಹುಡುಕುವುದೂ ಅದನ್ನೇ.

1. ಹೊರಡುವ ಮುಂಚೆ ನಿಮ್ಮ ಗೆರೆ ಎಲ್ಲಿ ಅಂತ ತೀರ್ಮಾನಿಸಿ

ಮೊಟ್ಟೆ ನಡೆಯುತ್ತದಾ? ಮಾಂಸ ಸುಟ್ಟ ಹಂಚಿನ ಮೇಲೆಯೇ ಬೇಯಿಸಿದ ತರಕಾರಿ ನಡೆಯುತ್ತದಾ? ಚೀಸು ಹೇಗೆ ಮಾಡಿದರು ಅನ್ನುವುದು ನಿಮಗೆ ಮುಖ್ಯವಾ? ಇದನ್ನು ಮನೆಯಲ್ಲಿ ಕೂತು ಮಾತಾಡಿಕೊಳ್ಳಿ. ಕೌಂಟರಿನ ಮುಂದೆ ನಿಂತು, ಹಿಂದೆ ಹತ್ತು ಜನ ಕಾಯುತ್ತಿರುವಾಗ, ಗಂಡ ಹೆಂಡತಿ ಈ ಚರ್ಚೆ ಶುರು ಮಾಡಿದರೆ ಮಕ್ಕಳಿಗೆ ಮುಜುಗರ, ನಿಮಗೆ ಕೊನೆಗೆ ಸಿಗುವುದು ಬರೀ ಚಿಪ್ಸ್.

ಗೆರೆ ತುಂಬಾ ಬಿಗಿಯಾಗಿದ್ದರೆ, ಅಂದರೆ ಪಾತ್ರೆ, ಹಂಚು, ಎಣ್ಣೆ ಎಲ್ಲವೂ ಬೇರೆಯೇ ಆಗಬೇಕು ಅಂದರೆ, ಟ್ಯಾಕೊ ಅಂಗಡಿಗಳನ್ನು ಬಿಟ್ಟುಬಿಡಿ. ಅವರಿಗೆ ಒಂದೇ ಹಂಚು, ಒಂದೇ ಬಾಣಲೆ. ಅಂಥವರಿಗೆ 8ನೇ ಹಂತ ಸಾಕು, ಮನೆಯಲ್ಲೇ ಮಾಡಿಕೊಳ್ಳಬಹುದು. ಈರುಳ್ಳಿ ಬೆಳ್ಳುಳ್ಳಿ ತಿನ್ನದವರಿಗೂ ಇದೇ ಮಾತು.

2. ಮೆನು ಓದಲು ಕಲಿಯಿರಿ

ಎಲ್ಲಕ್ಕೂ ತಳಹದಿ ಟೋರ್ಟಿಯಾ, ಅಂದರೆ ತೆಳ್ಳನೆ ರೊಟ್ಟಿ. ಎರಡು ಜಾತಿ. ಒಂದು ಮೆಕ್ಕೆಜೋಳದ್ದು, ಇನ್ನೊಂದು ಮೈದಾದ್ದು. ಹೆಸರಿನಲ್ಲಿ ಎರಡು ‘ಎಲ್’ ಇದ್ದರೂ ಓದುವುದು ‘ಯ’ ಅಂತ. ‘ಜೆ’ ಅಕ್ಷರವನ್ನು ‘ಹ’ ಅಂತ ಓದುತ್ತಾರೆ. ಅದಕ್ಕೇ ಊರಿನ ಚೆಂದದ ಕಡಲ ದಂಡೆಯ ಹೆಸರು ಲ ಹೋಯ, ಹಸಿಮೆಣಸಿನಕಾಯಿಯ ಹೆಸರು ಹಲಪೇನ್ಯೊ.

ಮೆಕ್ಕೆಜೋಳ ನಮಗೇನು ಹೊಸದಲ್ಲ. ನಮ್ಮ ಎಪಿಎಂಸಿಯಲ್ಲಿ ರಾಶಿ ಹಾಕುವ ಹಳದಿ ಮೆಕ್ಕೆಜೋಳದಲ್ಲಿ ಬಹುಪಾಲು ಕೋಳಿ ಆಹಾರಕ್ಕೆ, ಸ್ಟಾರ್ಚ್ ಮಾಡಲು ಹೋಗುತ್ತದೆ. ಅಲ್ಲಿ ಅದೇ ಬೆಳೆ ಮನುಷ್ಯರ ದಿನದ ಊಟ, ಹೆಚ್ಚಾಗಿ ಬಿಳಿ ಜಾತಿಯದು. ಕಾಳನ್ನು ನೇರವಾಗಿ ಬೀಸುವುದಿಲ್ಲ. ಸುಣ್ಣದ ನೀರಿನಲ್ಲಿ ಕುದಿಸಿ, ರಾತ್ರಿಯಿಡೀ ನೆನೆಹಾಕಿ, ಹೊಟ್ಟು ತೊಳೆದು, ಆಮೇಲೆ ರುಬ್ಬುತ್ತಾರೆ. ಆ ಹಿಟ್ಟಿಗೆ ‘ಮಾಸಾ’ ಅನ್ನುತ್ತಾರೆ. ಸುಣ್ಣದಿಂದ ಎರಡು ಲಾಭ. ಹಿಟ್ಟಿಗೆ ಅಂಟು ಬರುತ್ತದೆ, ಬಿರಿಯದೆ ತಟ್ಟಬಹುದು. ಜೊತೆಗೆ ಜೋಳದಲ್ಲಿರುವ ನಯಾಸಿನ್ ಅನ್ನುವ ವಿಟಮಿನ್ ಮೈಗೆ ಹತ್ತುತ್ತದೆ. ಸುಣ್ಣ ಹಾಕದೆ ಬರೀ ಮೆಕ್ಕೆಜೋಳವನ್ನೇ ನಂಬಿಕೊಂಡ ಕಡೆಗಳಲ್ಲಿ ಪೆಲಾಗ್ರ ಅನ್ನುವ ಚರ್ಮದ ಕಾಯಿಲೆ ಬಂದ ಇತಿಹಾಸವಿದೆ. ಒಳ್ಳೆ ಟೋರ್ಟಿಯಾ ಮುರಿದು ಮೂಸಿದರೆ ಆ ಸುಣ್ಣದ ಘಮ ಸ್ವಲ್ಪ ಗೊತ್ತಾಗುತ್ತದೆ.

ಇನ್ನು ಹೆಸರುಗಳು, ಬೇಗ ಮುಗಿಸುತ್ತೇನೆ:

- ಟ್ಯಾಕೊ: ಅಂಗೈಯಗಲದ ಟೋರ್ಟಿಯಾ ಮೇಲೆ ಪಲ್ಯ, ಈರುಳ್ಳಿ, ಕೊತ್ತಂಬರಿ, ನಿಂಬೆ. ಎರಡು ಮೂರು ತುತ್ತಿಗೆ ಮುಗಿಯುತ್ತದೆ.
- ಬರಿಟೊ: ದೊಡ್ಡ ಮೈದಾ ಟೋರ್ಟಿಯಾದಲ್ಲಿ ಕಾಳು, ಅನ್ನ, ಚೀಸ್ ಸುತ್ತಿದ್ದು. ಒಂದು ತಗೊಂಡರೆ ಇಬ್ಬರು ಹಿರಿಯರಿಗೆ ಸಾಕು, ಸುಮ್ನೆ ಎರಡು ಹೇಳಬೇಡಿ.
- ಕೆಸಡಿಯಾ: ಟೋರ್ಟಿಯಾ ಮಡಚಿ ಒಳಗೆ ಚೀಸ್ ಕರಗಿಸಿದ್ದು. ಮೊಮ್ಮಕ್ಕಳ ಪಾಲಿಗೆ ಇದೇ.
- ಟೊಸ್ತಾಡಾ: ಗರಿಗರಿಯಾಗಿ ಕರಿದ ಟೋರ್ಟಿಯಾ ಮೇಲೆ ಕಾಳು, ಸೊಪ್ಪು.
- ಎಂಚಿಲಾಡಾ: ಸುರುಳಿ ಸುತ್ತಿ, ಮೆಣಸಿನ ಗೊಜ್ಜಿನಲ್ಲಿ ಮುಳುಗಿಸಿದ್ದು.
- ತಮಾಲೆ: ಮಾಸಾ ಹಿಟ್ಟನ್ನು ಜೋಳದ ತೆನೆಯ ಸಿಪ್ಪೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸಿದ್ದು.
- ಚಿಲೆ ರೆಯೆನೊ: ದಪ್ಪ ಮೆಣಸಿನಕಾಯಿಯೊಳಗೆ ಚೀಸ್ ತುಂಬಿ ಹಿಟ್ಟಿನಲ್ಲಿ ಅದ್ದಿ ಕರಿದಿದ್ದು. ನೋಡಿದ ತಕ್ಷಣ ನಮ್ಮವರ ಕಣ್ಣು ಇದರ ಮೇಲೇ ಬೀಳುತ್ತದೆ. ಸ್ವಲ್ಪ ತಡೆಯಿರಿ, ಮುಂದಿನ ಹಂತ ಓದಿ.

3. ಕಣ್ಣಿಗೆ ಕಾಣದ್ದು ಏನೇನಿರುತ್ತದೆ

ಇದೇ ಮುಖ್ಯ ಹಂತ. ತಟ್ಟೆಯಲ್ಲಿ ಮಾಂಸದ ತುಂಡು ಇಲ್ಲ ಅಂದ ಮಾತ್ರಕ್ಕೆ ಅದು ಸಸ್ಯಾಹಾರ ಅಲ್ಲ.

ಮೊದಲನೆಯದು ಹಂದಿ ಕೊಬ್ಬು. ಸ್ಪ್ಯಾನಿಷ್‌ನಲ್ಲಿ ‘ಮಾಂತೆಕಾ’, ಇಂಗ್ಲಿಷ್‌ನಲ್ಲಿ ‘ಲಾರ್ಡ್’. ಬೇಯಿಸಿದ ಕಾಳನ್ನು ಮಸೆದು ಬಾಣಲೆಯಲ್ಲಿ ಬಾಡಿಸುತ್ತಾರಲ್ಲ, ಮೆನುವಿನಲ್ಲಿ ‘ರಿಫ್ರೈಡ್ ಬೀನ್ಸ್’ ಅಂತ ಇರುತ್ತದೆ, ಅದಕ್ಕೆ ಹಳೇ ಪದ್ಧತಿಯಲ್ಲಿ ಹಾಕುವುದು ಇದನ್ನೇ. ‘ಬೀನ್ ಆ್ಯಂಡ್ ಚೀಸ್ ಬರಿಟೊ’ ಅಂದರೆ ಹೆಸರಿನಲ್ಲಿ ಕಾಳು ಮತ್ತು ಚೀಸ್ ಮಾತ್ರ. ಕೊಬ್ಬಿನ ಹೆಸರನ್ನು ಯಾರೂ ಬರೆಯುವುದಿಲ್ಲ. ನಮ್ಮವರು ಹೆಚ್ಚು ಎಡವುವುದು ಇಲ್ಲೇ. ತಮಾಲೆ ಹಿಟ್ಟು ಮೆತ್ತಗಾಗಲಿ ಅಂತಲೂ ಇದನ್ನೇ ಹಾಕುತ್ತಾರೆ. ಮೈದಾ ಟೋರ್ಟಿಯಾದಲ್ಲೂ ಇರಬಹುದು. ಮೆಕ್ಕೆಜೋಳದ ಟೋರ್ಟಿಯಾಗೆ ಜೋಳ, ನೀರು, ಸುಣ್ಣ ಅಷ್ಟೇ. ಸಂದೇಹ ಬಂದಾಗ ಜೋಳದ್ದನ್ನೇ ಕೇಳಿ.

ಎರಡನೆಯದು ಕೋಳಿ ರಸ. ಕೆಂಪಗೆ ಕಾಣುವ ಮೆಕ್ಸಿಕನ್ ಅನ್ನ ಟೊಮೆಟೊದಿಂದ ಕೆಂಪಾದದ್ದೇನೋ ನಿಜ. ಆದರೆ ಬೇಯಿಸುವ ನೀರಿನ ಬದಲು ಕೋಳಿ ಬೇಯಿಸಿದ ರಸ ಅಥವಾ ಅದರ ಪುಡಿ ಹಾಕುವುದು ಮಾಮೂಲು. ಎಂಚಿಲಾಡಾ ಗೊಜ್ಜಿಗೂ, ‘ಮೋಲೆ’ ಅನ್ನುವ ಕಪ್ಪನೆ ಮಸಾಲೆ ಗೊಜ್ಜಿಗೂ ಇದೇ ಕಥೆ. ತರಕಾರಿ ಸೂಪಿಗೂ ಹೌದು.

ಮೂರನೆಯದು ಮೊಟ್ಟೆ. ಮೇಲೆ ಹೇಳಿದ ಚಿಲೆ ರೆಯೆನೊದ ಹಿಟ್ಟು ಕಡಲೆಹಿಟ್ಟಲ್ಲ, ನೊರೆ ಬರುವ ಹಾಗೆ ಕಡೆದ ಮೊಟ್ಟೆ. ಸುಟ್ಟ ಜೋಳದ ತೆನೆಗೆ ಸವರುವ ಬಿಳಿ ಪದಾರ್ಥ ಮೇಯೊನೀಸ್, ಅದೂ ಮೊಟ್ಟೆಯದೇ. ತೆನೆ ಬೇಕಿದ್ದರೆ ಮೇಯೊ ಬೇಡ, ಬರೀ ನಿಂಬೆ, ಖಾರದಪುಡಿ ಅಂತ ಹೇಳಿ, ಖುಷಿಯಿಂದ ಮಾಡಿಕೊಡುತ್ತಾರೆ. ಫ್ಲಾನ್, ತ್ರೆಸ್ ಲೆಚೆಸ್ ಎರಡೂ ಮೊಟ್ಟೆ ಹಾಕಿದ ಸಿಹಿ. ಬ್ರೇಕ್‌ಫಾಸ್ಟ್ ಬರಿಟೊ ಅಂದರೆ ಮೊಟ್ಟೆ ಇದ್ದೇ ಇರುತ್ತದೆ.

ನಾಲ್ಕನೆಯದು ಚೀಸ್. ಕೆಲವು ಚೀಸುಗಳಿಗೆ ಹೆಪ್ಪು ಹಾಕಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ, ಕೆಲವಕ್ಕೆ ಸೂಕ್ಷ್ಮಾಣುಗಳಿಂದ ಮಾಡಿದ್ದು. ಕೌಂಟರಿನ ಹುಡುಗನಿಗೆ ಇದು ಗೊತ್ತಿರುವುದಿಲ್ಲ, ಕೇಳಿ ಪ್ರಯೋಜನವಿಲ್ಲ. ನಿಮಗೆ ಇದು ಮುಖ್ಯವಾದರೆ ಚೀಸ್ ಬಿಟ್ಟು ಗ್ವಾಕಮೋಲೆ ಹಾಕಿಸಿಕೊಳ್ಳಿ. ಅದು ಬೆಣ್ಣೆಹಣ್ಣು ಮಸೆದು ಈರುಳ್ಳಿ, ನಿಂಬೆ, ಮೆಣಸಿನಕಾಯಿ ಕಲಸಿದ್ದು. ರುಚಿಯೂ ಅದಕ್ಕೇ ಹೆಚ್ಚು. ಅದಕ್ಕೆ ಬೇರೆ ದುಡ್ಡು ತೆಗೆದುಕೊಳ್ಳುತ್ತಾರೆ ಅನ್ನುವುದು ನೆನಪಿರಲಿ.

ಕೊನೆಗೆ ಕರಿಯುವ ಎಣ್ಣೆ. ಚಿಪ್ಸ್, ಚುರ್ರೊ ಅನ್ನುವ ಕರಿದ ಸಿಹಿತಿಂಡಿ, ಆಲೂ ಟ್ಯಾಕೊ ಕರಿಯುವ ಬಾಣಲೆಯಲ್ಲೇ ಚಿಕನ್ ಕೂಡ ಕರಿದಿರಬಹುದು. ಒಂದನೇ ಹಂತದ ಗೆರೆ ನೆನಪಿದೆಯಲ್ಲ.

4. ಕೇಳಬೇಕಾದ್ದನ್ನು ಬಾಯಿಪಾಠ ಮಾಡಿ

ಎಲ್ಲ ಕಡೆ ಇಂಗ್ಲಿಷ್ ನಡೆಯುತ್ತದೆ. ಆದರೆ ಅಡುಗೆಮನೆಯಲ್ಲಿರುವವರು ಸ್ಪ್ಯಾನಿಷ್‌ನವರು. ಅವರ ಭಾಷೆಯಲ್ಲಿ ಎರಡು ಪದ ಹೇಳಿದರೆ ಸರಿಯಾದ ಉತ್ತರ ಬೇಗ ಸಿಗುತ್ತದೆ.

- “ತಿಯೆನೆ ಮಾಂತೆಕಾ?” ಅಂದರೆ ಇದರಲ್ಲಿ ಹಂದಿ ಕೊಬ್ಬು ಇದೆಯಾ?
- “ತಿಯೆನೆ ಕಾಲ್ದೊ ದೆ ಪೊಯ್ಯೊ?” ಅಂದರೆ ಕೋಳಿ ರಸ ಇದೆಯಾ?
- “ಸಿನ್ ಕಾರ್ನೆ, ಸಿನ್ ಪೊಯ್ಯೊ, ಸಿನ್ ವೆವೊ” ಅಂದರೆ ಮಾಂಸ ಬೇಡ, ಕೋಳಿ ಬೇಡ, ಮೊಟ್ಟೆ ಬೇಡ.
- “ಸಿನ್ ಕೇಸೊ, ಸಿನ್ ಕ್ರೇಮಾ” ಅಂದರೆ ಚೀಸ್ ಬೇಡ, ಕ್ರೀಮ್ ಬೇಡ.

ಮೂರನೆಯದನ್ನು ಪೂರ್ತಿ ಹೇಳಿ, ಅರ್ಧಕ್ಕೆ ನಿಲ್ಲಿಸಬೇಡಿ. ‘ಕಾರ್ನೆ’ ಅಂದರೆ ಅವರಲ್ಲಿ ಎಷ್ಟೋ ಜನರಿಗೆ ಬೀಫ್ ಮಾತ್ರ. ಬರೀ ‘ಸಿನ್ ಕಾರ್ನೆ’ ಅಂದರೆ ಬೀಫ್ ತೆಗೆದು ಚಿಕನ್ ಹಾಕಿಕೊಟ್ಟಾರು. ‘ನೋ ಮೀಟ್’ ಅಂದಾಗಲೂ ಇದೇ ಎಡವಟ್ಟು ಆಗುತ್ತದೆ.

ಇನ್ನೊಂದು. “ಇದು ವೆಜಿಟೇರಿಯನ್ನಾ?” ಅಂತ ಕೇಳಿದರೆ ಒಳ್ಳೆ ಮನಸ್ಸಿನಿಂದಲೇ “ಹೌದು” ಅನ್ನುತ್ತಾರೆ. ಅವರ ಲೆಕ್ಕದಲ್ಲಿ ಅದು ಸರಿ. “ಕಾಳಿಗೆ ಲಾರ್ಡ್ ಹಾಕಿದ್ದೀರಾ?” ಅಂತ ಪದಾರ್ಥದ ಹೆಸರು ಹಿಡಿದು ಕೇಳಿ. ಆಗ ನಿಂತು ಯೋಚಿಸುತ್ತಾರೆ, ಒಳಗೆ ಹೋಗಿ ಕೇಳಿಕೊಂಡು ಬರುತ್ತಾರೆ.

5. ಎಲ್ಲಿಗೆ ಹೋಗಬೇಕು, ಯಾವ ಕ್ರಮದಲ್ಲಿ

ಮೊದಲ ವಾರ: ಸರಣಿ ಅಂಗಡಿಗಳು. ಇದನ್ನು ಓದಿ ನಿಮ್ಮ ಮಕ್ಕಳು ನಗಬಹುದು, ನಗಲಿ. ಚಿಪೋಟ್ಲೆ ಅಂಗಡಿಯಲ್ಲಿ ಅನ್ನ, ಕಪ್ಪು ಕಾಳು, ಪಿಂಟೊ ಕಾಳು ಯಾವುದಕ್ಕೂ ಮಾಂಸದ ಅಂಶ ಹಾಕುವುದಿಲ್ಲ. ‘ಸೊಫ್ರಿತಾಸ್’ ಅಂತ ತೋಫು, ಅಂದರೆ ಸೋಯಾ ಪನೀರಿನ ಪಲ್ಯವೂ ಇದೆ. ಗಾಜಿನ ಹಿಂದೆ ಎಲ್ಲ ಕಾಣುತ್ತದೆ, ಬೆರಳು ತೋರಿಸಿ ಹಾಕಿಸಿಕೊಳ್ಳಬಹುದು. ಟ್ಯಾಕೊ ಬೆಲ್‌ನ ಮಸೆದ ಕಾಳಿನಲ್ಲೂ ಹಂದಿ ಕೊಬ್ಬಿಲ್ಲ. ಅಮೆರಿಕದ ಸಸ್ಯಾಹಾರ ಸಂಘದ ಪ್ರಮಾಣಪತ್ರ ಪಡೆದ ಪದಾರ್ಥಗಳ ಪಟ್ಟಿಯೇ ಅವರಲ್ಲಿದೆ. ರುಚಿಯಲ್ಲಿ ಇವು ಅಸಲಿ ಅಲ್ಲ, ನಾನೂ ಒಪ್ಪುತ್ತೇನೆ. ಆದರೆ ಹೆಸರು, ಅಳತೆ, ಆರ್ಡರ್ ಮಾಡುವ ರೀತಿ ಎಲ್ಲ ಭಯವಿಲ್ಲದೆ ಕಲಿಯಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಆಮೇಲೆ: ಓಲ್ಡ್ ಟೌನ್. ಊರು ಹುಟ್ಟಿದ್ದು ಇಲ್ಲೇ. 1769ರಲ್ಲಿ ಸ್ಪೇನಿನವರು ಕೋಟೆ, ಚರ್ಚು ಕಟ್ಟಿದ ಗುಡ್ಡದ ಬುಡದಲ್ಲಿ ಬೆಳೆದ ಹಳೇ ಪೇಟೆ. 1968ರಿಂದ ಇದು ರಾಜ್ಯದ ಐತಿಹಾಸಿಕ ಉದ್ಯಾನ, ಒಳಗೆ ಹೋಗಲು ಟಿಕೆಟ್ ಇಲ್ಲ. ಟ್ರಾಲಿ ಅನ್ನುವ ನಗರ ರೈಲಿನ ಸ್ಟೇಷನ್ ಎದುರಿಗೇ ಇದೆ. ಇಲ್ಲಿಯ ಓಲ್ಡ್ ಟೌನ್ ಮೆಕ್ಸಿಕನ್ ಕೆಫೆಯ ಕಿಟಕಿಯಲ್ಲಿ ಹೆಂಗಸರು ನಿಂತು ಟೋರ್ಟಿಯಾ ತಟ್ಟುವುದನ್ನು ಬೀದಿಯಿಂದಲೇ ನೋಡಬಹುದು. ಉಂಡೆ ತೆಗೆದುಕೊಂಡು ಎರಡು ಅಂಗೈ ನಡುವೆ ಟಪಟಪ ತಟ್ಟಿ ಹಂಚಿಗೆ ಬಿಡುತ್ತಾರೆ. ಒಂದು ಕಡೆ ಬೆಂದ ಕೂಡಲೇ ಬೆರಳಿನಲ್ಲೇ ಎತ್ತಿ ತಿರುಗಿಸುತ್ತಾರೆ, ಮೊಗಚೆಕಾಯಿ ಮುಟ್ಟುವುದಿಲ್ಲ. ಜೋಳದ ರೊಟ್ಟಿ ಬಡಿಯುವ ನಮ್ಮ ಹೆಂಗಸರು ಅಲ್ಲಿಂದ ಕದಲುವುದಿಲ್ಲ.

ಓಲ್ಡ್ ಟೌನ್ ಪ್ರವಾಸಿಗರ ಜಾಗ. ಬೆಲೆ ಜಾಸ್ತಿ, ಸಂಗೀತ ಜೋರು, ಶನಿವಾರ ಭಾನುವಾರ ಜಾಗ ಸಿಗುವುದು ಕಷ್ಟ. ವಾರದ ದಿನ ಹನ್ನೊಂದೂವರೆಗೆ ಹೋಗಿಬಿಡಿ. ಕೂತ ಕೂಡಲೇ ಚಿಪ್ಸ್, ಸಾಲ್ಸಾ ಅನ್ನುವ ಖಾರದ ಚಟ್ನಿ ತಂದಿಡುತ್ತಾರೆ, ಬಹಳ ಕಡೆ ಅದಕ್ಕೆ ದುಡ್ಡಿಲ್ಲ. ಅದರಲ್ಲೇ ಹೊಟ್ಟೆ ತುಂಬಿಸಿಕೊಳ್ಳಬೇಡಿ. ಮೇ 5ರಂದು ಮಾತ್ರ ಆ ಕಡೆ ತಲೆ ಹಾಕಬೇಡಿ. ಅದು 1862ರ ಪುಯೆಬ್ಲಾ ಯುದ್ಧದ ನೆನಪಿನ ದಿನ, ಅಮೆರಿಕದವರು ಅದನ್ನು ಕುಡಿಯುವ ಹಬ್ಬ ಮಾಡಿಕೊಂಡಿದ್ದಾರೆ. ಬದಲಿಗೆ ನೀವು ನವೆಂಬರ್ 1, 2ರ ಹೊತ್ತಿಗೆ ಅಲ್ಲಿದ್ದರೆ ತಪ್ಪದೆ ಹೋಗಿ. ತೀರಿಕೊಂಡ ಹಿರಿಯರನ್ನು ನೆನೆಯುವ ದಿನಗಳವು. ಚೆಂಡುಹೂವಿನ ಅಲಂಕಾರ, ಫೋಟೋ ಮುಂದೆ ದೀಪ, ಎಡೆ. ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆಗ ಮಾಡುವ ಬ್ರೆಡ್ಡಿಗೆ ಮೊಟ್ಟೆ ಹಾಕಿರುತ್ತಾರೆ.

ಓಲ್ಡ್ ಟೌನ್‌ನಿಂದ ಸ್ವಲ್ಪ ದೂರದಲ್ಲಿ, ಇಂಡಿಯಾ ಸ್ಟ್ರೀಟ್ ಅನ್ನುವ ಬೀದಿಯಲ್ಲಿ ಎಲ್ ಇಂಡಿಯೊ ಇದೆ. 1940ರಲ್ಲಿ ಟೋರ್ಟಿಯಾ ಮಾಡುವ ಅಂಗಡಿಯಾಗಿ ಶುರುವಾದದ್ದು. ಹೆಸರು ನೋಡಿ ನಮ್ಮೂರಿನ ಊಟ ಅಂದುಕೊಳ್ಳಬೇಡಿ. ಅಲ್ಲಿ ಪ್ರಸಿದ್ಧವಾದದ್ದು ಟಕೀಟೊ, ಬೆರಳುದ್ದದ ಕರಿದ ಸುರುಳಿ, ಒಳಗೆ ಮಾಂಸ. ಬೇರೆ ತಿಂಡಿಗಳ ಬಗ್ಗೆ 4ನೇ ಹಂತದ ಪ್ರಶ್ನೆಗಳನ್ನು ಕೇಳಿ ತೆಗೆದುಕೊಳ್ಳಿ.

ಇನ್ನು ಬೀದಿ ಬೀದಿಯ ಟ್ಯಾಕೊ ಶಾಪ್‌ಗಳು. ಸ್ಯಾನ್ ಡಿಯಾಗೋದ ನಿಜವಾದ ಊಟ ಇಲ್ಲಿದೆ. ರೊಬೆರ್ತೋಸ್ ಅನ್ನುವ ಅಂಗಡಿ ಜನಪ್ರಿಯವಾದ ಮೇಲೆ ಆಲ್ಬೆರ್ತೋಸ್, ಫಿಲಿಬೆರ್ತೋಸ್ ಅಂತ ‘ಬೆರ್ತೋಸ್’ ಹೆಸರಿನವು ಸಾಲು ಸಾಲು ಹುಟ್ಟಿಕೊಂಡವು. ಬೆಂಗಳೂರಿನಲ್ಲಿ ದೋಸೆ ಹಾಕುವವರೆಲ್ಲ ಬೋರ್ಡಿನ ಮೇಲೆ ‘ದಾವಣಗೆರೆ’ ಅಂತ ಬರೆಸಿಕೊಳ್ಳುವ ಹಾಗೆ. ಇವುಗಳಲ್ಲಿ ಎಷ್ಟೋ 24 ಗಂಟೆ ತೆರೆದಿರುತ್ತವೆ. ಕುರ್ಚಿ ಮೇಜು ನೋಡಿ ಅಳೆಯಬೇಡಿ. ಜನ ನಿಂತಿದ್ದಾರಾ, ಟೋರ್ಟಿಯಾ ಬಿಸಿಯಿದೆಯಾ ನೋಡಿ.

ಇಲ್ಲಿ ಕೇಳಬೇಕಾದ್ದು: ಆಲೂಗಡ್ಡೆ ಟ್ಯಾಕೊ, ಮೆನುವಿನಲ್ಲಿ ‘ಪಾಪಾ’ ಅಂತ ಇರುತ್ತದೆ. ಸುಟ್ಟ ಮೆಣಸಿನಕಾಯಿ ಸೀಳಿ ಚೀಸ್ ಜೊತೆ ಬಾಡಿಸಿದ ‘ರಾಹಾಸ್’. ‘ನೊಪಾಲೆಸ್’, ಅಂದರೆ ಪಾಪಾಸುಕಳ್ಳಿಯ ಎಳೆ ಪಟ್ಟೆ. ಹೌದು, ಚಿತ್ರದುರ್ಗದ ಕಡೆ ಹೊಲದ ಬದುವಿನಲ್ಲಿ ಬೆಳೆಯುವ ಅದೇ ಕಳ್ಳಿಯ ಬಳಗ. ಮುಳ್ಳು ಹೆರೆದು, ಸಣ್ಣಗೆ ಹೆಚ್ಚಿ, ಬೇಯಿಸುತ್ತಾರೆ. ಬೆಂಡೆಕಾಯಿಯ ಲೋಳೆ ಇಷ್ಟಪಡುವವರು ಧೈರ್ಯವಾಗಿ ತಿನ್ನಬಹುದು. ಕುಂಬಳ ಹೂವಿನ ಕೆಸಡಿಯಾ ಎಲ್ಲಾದರೂ ಕಂಡರೆ ಬಿಡಬೇಡಿ.

ಈ ಊರಿನದೇ ಇನ್ನೊಂದು ಹೆಮ್ಮೆ ಕ್ಯಾಲಿಫೋರ್ನಿಯಾ ಬರಿಟೊ. ಬೀಫ್ ಜೊತೆ ಕರಿದ ಆಲೂಗಡ್ಡೆ ಒಳಗೇ ತುಂಬುತ್ತಾರೆ. ಅದರಲ್ಲಿ ಬೀಫ್ ಬಿಟ್ಟು ಆಲೂಗಡ್ಡೆ, ಗ್ವಾಕಮೋಲೆ, ಹಸಿ ಟೊಮೆಟೊ ಈರುಳ್ಳಿ ಹಾಕಿಸಿ ಅಂದರೆ ಮಾಡಿಕೊಡುತ್ತಾರೆ. ಕಾಳಿನ ಮಾಂತೆಕಾ ತಲೆನೋವೂ ಇರುವುದಿಲ್ಲ. ಮೈದಾ ಟೋರ್ಟಿಯಾ ಬಗ್ಗೆ ಮಾತ್ರ ಕೇಳಿಕೊಳ್ಳಿ.

ಕೊನೆಗೆ ಬಾರಿಯೊ ಲೋಗನ್. ಮೆಕ್ಸಿಕನ್ ಮೂಲದವರ ಹಳೇ ಬಡಾವಣೆ. ಓಲ್ಡ್ ಟೌನ್‌ನಲ್ಲಿ ಟ್ರಾಲಿಯ ಬ್ಲೂ ಲೈನ್ ಹತ್ತಿದರೆ ಬದಲಾಯಿಸದೆ ಬಾರಿಯೊ ಲೋಗನ್ ಸ್ಟೇಷನ್ನಿಗೆ ಬರಬಹುದು. ಸೇತುವೆಯ ಕಂಬಗಳ ಮೇಲೆಲ್ಲ ದೊಡ್ಡ ದೊಡ್ಡ ಚಿತ್ರ ಬರೆದಿರುವ ಚಿಕಾನೊ ಪಾರ್ಕ್ ಇಲ್ಲಿದೆ. ಆ ಜಾಗದಲ್ಲಿ ಪೊಲೀಸ್ ಠಾಣೆ ಕಟ್ಟಲು ಹೊರಟಾಗ 1970ರ ಏಪ್ರಿಲ್‌ನಲ್ಲಿ ಬಡಾವಣೆಯ ಜನ ಬಂದು ಕೂತು ಪಾರ್ಕ್ ಮಾಡಿಸಿಕೊಂಡರು. ಪಾರ್ಕ್ ನೋಡಿ, ಪಕ್ಕದ ಲೋಗನ್ ಅವೆನ್ಯೂನಲ್ಲಿ ತಿನ್ನಿ. ಹಗಲು ಹೊತ್ತು ಹೋಗುವುದು ಒಳ್ಳೆಯದು.

ಟ್ರಾಲಿಗೆ ಒಂದು ಸೂಚನೆ. ಹತ್ತುವ ಮುಂಚೆ ಪ್ಲಾಟ್‌ಫಾರಂನ ಯಂತ್ರಕ್ಕೆ ಪ್ರಾಂಟೊ ಅನ್ನುವ ಪ್ರಯಾಣದ ಕಾರ್ಡ್ ಅಥವಾ ಅದರ ಆ್ಯಪ್ ತೋರಿಸಬೇಕು. ಗೇಟ್ ಇಲ್ಲ ಅಂತ ಹಾಗೇ ಹತ್ತಿದರೆ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ. 65 ದಾಟಿದವರಿಗೆ ರಿಯಾಯಿತಿ ಇದೆ, ವಯಸ್ಸಿನ ಗುರುತಿನ ಚೀಟಿ ಜೊತೆಗಿರಲಿ.

ಮಾಂಸ ತಿನ್ನುವವರಿಗೆ ಆಯ್ಕೆ ಲೆಕ್ಕವಿಲ್ಲ, ಅದಕ್ಕೇ ಎರಡೇ ಎಚ್ಚರಿಕೆ. ‘ಅದೊಬಾದಾ’, ‘ಅಲ್ ಪಾಸ್ತೊರ್’, ‘ಕಾರ್ನಿತಾಸ್’ ಇವೆಲ್ಲ ಹಂದಿ ಮಾಂಸ. ‘ಕಾರ್ನೆ ಅಸಾದಾ’ ಬೀಫ್. ಹಲಾಲ್ ನೋಡುವವರು ಮೀನಿನ ಟ್ಯಾಕೊ ಸುರಕ್ಷಿತ ಅಂದುಕೊಳ್ಳುತ್ತಾರೆ, ಆದರೆ ಮೆಕ್ಸಿಕೋದ ಬಾಹಾ ಪ್ರಾಂತ್ಯದ ಶೈಲಿಯಲ್ಲಿ ಮೀನು ಅದ್ದಿ ಕರಿಯುವ ಹಿಟ್ಟಿಗೆ ಬಿಯರ್ ಹಾಕುವ ರೂಢಿ ಇದೆ. ಸುಟ್ಟ ಮೀನು ಕೇಳಿ. ಈ ಮೀನಿನ ಟ್ಯಾಕೊವನ್ನು ಊರಿಗೆಲ್ಲ ಹಬ್ಬಿಸಿದ್ದು ರೂಬಿಯೋಸ್, 1983ರಲ್ಲಿ ಮಿಷನ್ ಬೇ ಹತ್ತಿರ ಶುರುವಾಯಿತು. 2024ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 48 ಶಾಖೆ ಮುಚ್ಚಿದ್ದಾರೆ, ಆದ್ದರಿಂದ ನಿಮ್ಮ ಹತ್ತಿರದ್ದು ತೆರೆದಿದೆಯಾ ನೋಡಿಕೊಂಡು ಹೊರಡಿ.

6. ಕೌಂಟರಿನಲ್ಲಿ

ಮೊದಲ ಪ್ರಶ್ನೆ “ಫಾರ್ ಹಿಯರ್ ಆರ್ ಟು ಗೋ?” ಇಲ್ಲೇ ತಿನ್ನುತ್ತೀರಾ, ಪಾರ್ಸೆಲ್ಲಾ ಅಂತ. ಹಣ ಮೊದಲು, ಆಮೇಲೆ ನಂಬರ್ ಕೂಗುತ್ತಾರೆ. ಪಕ್ಕದಲ್ಲಿ ಸಾಲ್ಸಾ ಇಟ್ಟಿರುತ್ತಾರೆ. ಅಲ್ಲೇ ಒಂದು ಡಬ್ಬಿಯಲ್ಲಿ ದುಂಡಗೆ ಹೆಚ್ಚಿದ ಕ್ಯಾರೆಟ್, ಹಲಪೇನ್ಯೊ, ಈರುಳ್ಳಿ ವಿನೆಗರ್‌ನಲ್ಲಿ ನೆನೆದಿರುತ್ತವೆ. ಸ್ಯಾನ್ ಡಿಯಾಗೋ ಟ್ಯಾಕೊ ಶಾಪ್‌ನ ಗುರುತೇ ಈ ಕ್ಯಾರೆಟ್. ಕಚ್ಚಿದರೆ ಮೊದಲು ಹುಳಿ, ಆಮೇಲೆ ನಿಧಾನಕ್ಕೆ ಖಾರ ಏರುತ್ತದೆ. ಬರಿಟೊ ಜೊತೆ ಇದಿಲ್ಲದೆ ತಿನ್ನಬೇಡಿ.

ಖಾರದ ವಿಷಯದಲ್ಲಿ ನಮ್ಮವರಿಗೆ ಸ್ವಲ್ಪ ಜಂಬ ಜಾಸ್ತಿ. ಮಂಡಕ್ಕಿ ಜೊತೆ ಮಿರ್ಚಿ ತಿಂದವರು ನಾವು ಅಂತ. ಹಲಪೇನ್ಯೊ ಸರಿ, ಅದು ಏನೂ ಮಾಡುವುದಿಲ್ಲ. ಆದರೆ ಕಿತ್ತಳೆ ಬಣ್ಣದ ಸಾಲ್ಸಾ ಕಂಡರೆ ಹಬನೇರೊ ಇರಬಹುದು. ಖಾರ ಅಳೆಯುವ ಸ್ಕೋವಿಲ್ ಲೆಕ್ಕದಲ್ಲಿ ಹಲಪೇನ್ಯೊ 2,500ರಿಂದ 8,000, ಹಬನೇರೊ ಒಂದು ಲಕ್ಷದಿಂದ ಮೂರೂವರೆ ಲಕ್ಷ. ಚಮಚದ ತುದಿಯಲ್ಲಿ ಮುಟ್ಟಿ ನೋಡಿ.

ಕುಡಿಯಲು ಕೋಲಾ ಬೇಡ, ‘ಆಗ್ವಾ ಫ್ರೆಸ್ಕಾ’ ಕೇಳಿ. ದೊಡ್ಡ ಗಾಜಿನ ಜಾಡಿಯಲ್ಲಿರುತ್ತದೆ. ತಮರಿಂದೊ ಅಂದರೆ ಹುಣಸೆಹಣ್ಣಿನದು. ಹಮೈಕಾ ಕೆಂಪನೆಯದು, ಪುಂಡಿ ಬಳಗದ ಗಿಡದ ಹೂವಿನ ಬುಡದ ಕೆಂಪು ಪುಷ್ಪಪತ್ರ ನೆನೆಹಾಕಿ ಮಾಡಿದ್ದು. ಓರ್ಚಾತಾ ಅಕ್ಕಿ, ಚಕ್ಕೆ ರುಬ್ಬಿ ಸೋಸಿದ್ದು. ಮೂರಕ್ಕೂ ಸಕ್ಕರೆ ಸಿಕ್ಕಾಪಟ್ಟೆ. ಶುಗರ್ ಇರುವವರು ಒಂದು ಲೋಟ ನಾಲ್ಕು ಜನಕ್ಕೆ ಹಂಚಿಕೊಳ್ಳಿ, ಐಸ್ ಬೇಡ ಅನ್ನುವುದಾದರೆ ಮೊದಲೇ ಹೇಳಿ.

ಬಿಲ್ಲು ನೋಡಿ ಗಾಬರಿಯಾಗಬೇಡಿ. ಮೆನುವಿನ ಬೆಲೆಗೆ ತೆರಿಗೆ ಸೇರಿರುವುದಿಲ್ಲ, ಸ್ಯಾನ್ ಡಿಯಾಗೋ ನಗರದಲ್ಲಿ 7.75 ಶೇಕಡಾ ಮೇಲೆ ಬೀಳುತ್ತದೆ. ಕೂತು ಉಂಡು, ಬಡಿಸಿಸಿಕೊಂಡರೆ ಟಿಪ್ಸ್ 18ರಿಂದ 20 ಶೇಕಡಾ ಕೊಡುವುದು ಅಲ್ಲಿಯ ನಡವಳಿಕೆ. ಕೌಂಟರಿನಲ್ಲಿ ನೀವೇ ಎತ್ತಿಕೊಂಡು ಬಂದರೆ ಕೊಡಲೇಬೇಕು ಅಂತಿಲ್ಲ, ಯಂತ್ರ ಕೇಳಿದರೂ ಸರಿ.

7. ಪಾರ್ಸೆಲ್ ಹಿಡಿದು ಸಮುದ್ರಕ್ಕೆ

ದಂಡೆಗೆ ಬರಿಟೊ ಒಯ್ಯಿರಿ, ಟ್ಯಾಕೊ ಬೇಡ. ಫಾಯಿಲ್ ಸುತ್ತಿದ ಬರಿಟೊ ಅರ್ಧ ಗಂಟೆ ಬಿಸಿ ಇರುತ್ತದೆ. ಟ್ಯಾಕೊ ಹತ್ತೇ ನಿಮಿಷಕ್ಕೆ ಮೆತ್ತಗಾಗಿ ಹರಿದುಹೋಗುತ್ತದೆ, ಮರಳು ಸೇರಿದರೆ ಮುಗಿಯಿತು.

ಲ ಹೋಯದಲ್ಲಿ ಬಂಡೆಗಳ ಮೇಲೆ ಮಲಗುವ ಕಡಲ ಸಿಂಹಗಳನ್ನು ನೋಡಿ, ಆದರೆ ಊಟಕ್ಕೆ ಅಲ್ಲಿ ಕೂರಬೇಡಿ. ವಾಸನೆ ತಡೆಯಲಾಗುವುದಿಲ್ಲ. ಮಿಷನ್ ಬೀಚ್, ಪೆಸಿಫಿಕ್ ಬೀಚ್ ಕಡೆ ಕೂರಬಹುದು. ಸೀಗಲ್ ಹಕ್ಕಿಗಳು ಕೈಯಲ್ಲಿರುವ ತುತ್ತಿಗೇ ಎರಗುತ್ತವೆ, ಪೊಟ್ಟಣ ಬಿಚ್ಚಿಟ್ಟು ಫೋಟೋ ತೆಗೆಯಲು ಎದ್ದು ಹೋಗಬೇಡಿ. ದಂಡೆಗೆ ಗಾಜಿನ ಬಾಟಲಿ ಒಯ್ಯುವಂತಿಲ್ಲ, ಉಪ್ಪಿನಕಾಯಿ ಬಾಟಲಿಗೂ ಇದೇ ನಿಯಮ. ಮೇ, ಜೂನ್‌ನಲ್ಲಿ ಮಧ್ಯಾಹ್ನದವರೆಗೂ ಮೋಡ ಕವಿದು ಚಳಿ ಇರುತ್ತದೆ. ಬೇಸಿಗೆ ಅಲ್ವಾ ಅಂತ ಸ್ವೆಟರ್ ಬಿಟ್ಟು ಹೋಗಬೇಡಿ.

ಒಂದು ದೊಡ್ಡ ಎಚ್ಚರಿಕೆ. “ಇಷ್ಟು ಹತ್ತಿರ ಬಂದಿದ್ದೇವೆ, ತಿಹುವಾನಾಗೇ ಹೋಗಿ ತಿಂದು ಬರೋಣ” ಅಂತ ಕೆಲವರಿಗೆ ಹುಮ್ಮಸ್ಸು ಬರುತ್ತದೆ. ಹೋಗುವುದು ಸುಲಭ, ವಾಪಸ್ ಬರುವ ಸಾಲು ಗಂಟೆಗಟ್ಟಲೆ. ನಿಮ್ಮ ಅಮೆರಿಕ ವೀಸಾ ಒಂದೇ ಪ್ರವೇಶದ್ದಾಗಿದ್ದರೆ ಮತ್ತೆ ಒಳಗೆ ಬರುವುದೇ ಕಷ್ಟ. ಪಾಸ್‌ಪೋರ್ಟ್, ವೀಸಾ, ಐ-94 ಅನ್ನುವ ಅಮೆರಿಕ ಪ್ರವೇಶದ ದಾಖಲೆ ಎಲ್ಲ ನೋಡಿಕೊಂಡು, ಮಕ್ಕಳ ಜೊತೆ ಕೂತು ತೀರ್ಮಾನಿಸಿ. ಕಾರಿನಲ್ಲಿ ದಕ್ಷಿಣಕ್ಕೆ ಹೋಗುವಾಗ ‘ಲಾಸ್ಟ್ ಯುಎಸ್ಎ ಎಕ್ಸಿಟ್’ ಅಂತ ಬೋರ್ಡು ಬರುತ್ತದೆ. ಅಲ್ಲಿ ಹೊರಳಿಕೊಳ್ಳದಿದ್ದರೆ ಆಮೇಲೆ ಗಡಿ ದಾಟದೆ ದಾರಿಯಿಲ್ಲ. ಬ್ಲೂ ಲೈನ್ ಟ್ರಾಲಿಯ ಕೊನೆಯ ಸ್ಟೇಷನ್ ಸ್ಯಾನ್ ಇಸಿದ್ರೊ ಕೂಡ ಗಡಿಗೆ ಅಂಟಿಕೊಂಡೇ ಇದೆ. ಬಾರಿಯೊ ಲೋಗನ್‌ಗೆ ಹೊರಟವರು ರೈಲಿನಲ್ಲಿ ನಿದ್ದೆ ಹೋಗಬೇಡಿ.

8. ಮನೆಗೆ, ಊರಿಗೆ

ನಾರ್ತ್‌ಗೇಟ್‌ನಂಥ ಮೆಕ್ಸಿಕನ್ ದಿನಸಿ ಅಂಗಡಿಗಳಲ್ಲಿ ಆಗತಾನೇ ಮಾಡಿದ ಮೆಕ್ಕೆಜೋಳದ ಟೋರ್ಟಿಯಾ ಸಿಗುತ್ತದೆ. ಪೊಟ್ಟಣದ ಮೇಲೆ ‘ಲಾರ್ಡ್’ ಪದ ಇಲ್ಲ ಅಂತ ನೋಡಿಕೊಳ್ಳಿ. ಒಣ ಹಂಚಿನ ಮೇಲೆ ಎರಡೂ ಕಡೆ ಬಿಸಿ ಮಾಡಿ, ಎಣ್ಣೆ ಹಾಕಿದ ಶೇಂಗಾ ಚಟ್ನಿಪುಡಿ, ಬದನೆಕಾಯಿ ಎಣ್ಣೆಗಾಯಿ ಜೊತೆ ತಿನ್ನಿ. ತಣ್ಣಗಿನದನ್ನೇ ಮಡಚಿದರೆ ಮುರಿಯುತ್ತದೆ. ಉಳಿದದ್ದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ.

ಊರಿಗೆ ತರುವುದಾದರೆ ಸುಣ್ಣದಲ್ಲಿ ಸಂಸ್ಕರಿಸಿದ ಮೆಕ್ಕೆಜೋಳದ ಹಿಟ್ಟಿನ ಸೀಲಾದ ಪ್ಯಾಕೆಟ್ ತನ್ನಿ. ಮಾಸೆಕಾ ಅನ್ನುವ ಬ್ರ್ಯಾಂಡ್ ಎಲ್ಲ ಕಡೆ ಇದೆ. ಬಿಸಿ ನೀರಿನಲ್ಲಿ ಕಲಸಿ ತಟ್ಟಿದರೆ ಆಯಿತು. ನಮ್ಮ ಗಿರಣಿಯಲ್ಲಿ ಬೀಸಿದ ಮೆಕ್ಕೆಜೋಳದ ಹಿಟ್ಟಿನಲ್ಲಿ ಇದೇ ಥರ ಬರುವುದಿಲ್ಲ, ಅದಕ್ಕೆ ಸುಣ್ಣ ಸೋಕಿಲ್ಲ. ಹಸಿ ಮೆಣಸಿನಕಾಯಿ, ಬೆಣ್ಣೆಹಣ್ಣು, ಬಿತ್ತನೆಗೆ ಅಂತ ಬೀಜ ತರಬೇಡಿ. ಸಸ್ಯ ಕ್ವಾರಂಟೈನ್ ನಿಯಮ ಇದೆ, ವಿಮಾನ ನಿಲ್ದಾಣದಲ್ಲಿ ಕಿತ್ತಿಟ್ಟುಕೊಳ್ಳುತ್ತಾರೆ. ಸಾಲ್ಸಾ ಬಾಟಲಿ 100 ಮಿಲಿಲೀಟರ್‌ಗಿಂತ ದೊಡ್ಡದಿದ್ದರೆ ಕೈಚೀಲದಲ್ಲಿ ಬಿಡುವುದಿಲ್ಲ. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಹಳೇ ಟವೆಲ್ ಸುತ್ತಿ, ಚೆಕ್-ಇನ್ ಸೂಟ್‌ಕೇಸಿನ ನಡುವೆ ಇಡಿ. ರೇಷ್ಮೆ ಸೀರೆ ಇರುವ ಸೂಟ್‌ಕೇಸಿನಲ್ಲಿ ಮಾತ್ರ ಬೇಡ.